ಖಾಲಿ ಕೊಡಬಾರದ ಡಬ್ಬಿಗಳು

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಹಡಿಯ ಮೇಲಿನ ಹೊಸ ಬಾಡಿಗೆಯವರ ಅಡುಗೆಮನೆಯಿಂದ ಬಸ್ಸಾರಿನ ಒಗ್ಗರಣೆಯ ಘಮ ಇಳಿದು ಬಂತು. ಹುರುಳಿಕಾಳು ಬಸಿದ ಕಟ್ಟು, ಸುಟ್ಟ ಬೆಳ್ಳುಳ್ಳಿ, ಕರಿಬೇವು. ಬಟ್ಟೆ ಮಡಿಸುತ್ತಿದ್ದವಳು ಕೈಯಲ್ಲಿ ಬನಿಯನ್ ಹಿಡಿದುಕೊಂಡೇ ನಿಂತುಬಿಟ್ಟೆ. ಹಸಿವಾಯಿತು. ಇದರಲ್ಲೇನು ವಿಶೇಷ, ಆ ಹೊತ್ತಿಗೆ ಯಾರಿಗಾದರೂ ಹಸಿವಾಗುತ್ತದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನನಗೂ ನನ್ನ ಹಸಿವಿಗೂ ಒಂದು ಹಳೆಯ ಜಗಳವಿದೆ. ಅದನ್ನು ಹೇಳಬೇಕಾದರೆ ಐದು ವರ್ಷ ಹಿಂದಕ್ಕೆ ಹೋಗಬೇಕು.

ಐದು ವರ್ಷದ ಹಿಂದೆ ನಮ್ಮ ಮಗಳು ಮೇಧಾ ಹೋದಳು. ಒಬ್ಬಳೇ ಮಗಳು, ಒಂಬತ್ತು ವರ್ಷ. ನಾಲ್ಕು ದಿನದ ಜ್ವರ. ಇದಕ್ಕಿಂತ ಹೆಚ್ಚು ಹೇಳಲು ಹೋದರೆ ನನ್ನ ವಾಕ್ಯಗಳು ದಾರಿ ತಪ್ಪುತ್ತವೆ. ಅವಳು ಚಿತ್ರ ಬರೆದರೆ ಎಲ್ಲಕ್ಕೂ ಕಿವಿ ಇರುತ್ತಿತ್ತು. ಸೂರ್ಯನಿಗೆ, ಟೊಮೇಟೊಗೆ, ಚಾಮುಂಡಿಬೆಟ್ಟಕ್ಕೂ ಎರಡೆರಡು ಕಿವಿ. ಯಾಕೆ ಪುಟ್ಟಾ ಅಂದರೆ, "ಮತ್ತೆ ಅದಕ್ಕೆ ಕೇಳಿಸೋದು ಬೇಡ್ವಾ ಅಮ್ಮಾ?" ಅನ್ನುತ್ತಿದ್ದಳು. ಅವಳ ಬಗ್ಗೆ ಅಷ್ಟು ಗೊತ್ತಿದ್ದರೆ ಈಗ ಸಾಕು.

ನಮ್ಮಲ್ಲಿ ಚಿಕ್ಕ ಹುಡುಗಿಯರಿಗೆ ಸೂತಕ ಮೂರೇ ದಿನವಂತೆ. ನನಗೆ ತಿಳಿದಿರಲಿಲ್ಲ. ಪುರೋಹಿತರು "ಮೂರು ದಿನಕ್ಕೆ ಮುಗೀತಮ್ಮ" ಅಂದಾಗ, ಏನು ಮುಗಿಯಿತು ಎಂದು ನಾನು ನಿಜವಾಗಿಯೂ ಕೇಳಿದೆ. ಅವರು ಪಾಪ, ಶಲ್ಯ ಸರಿಮಾಡಿಕೊಂಡರು. ದೊಡ್ಡವರು ಹೋದರೆ ಹದಿಮೂರು ದಿನದ ಕೆಲಸವಿರುತ್ತದೆ. ಎಲೆ ಎಷ್ಟು, ತುಪ್ಪ ಯಾರು ತರುತ್ತಾರೆ, ಬಂದವರು ಎಲ್ಲಿ ಮಲಗುತ್ತಾರೆ ಅನ್ನುವಷ್ಟರಲ್ಲಿ ಮನೆಯವರಿಗೆ ದಿನ ಕಳೆದಿರುತ್ತದೆ. ನಮಗೆ ನಾಲ್ಕನೆಯ ದಿನ ಬೆಳಿಗ್ಗೆ ಮಾಡಲು ಏನೂ ಇರಲಿಲ್ಲ.

ಇದ್ದದ್ದು ಅಡುಗೆಕಟ್ಟೆಯ ಮೇಲಿನ ಏಳು ಡಬ್ಬಿಗಳು. ಒಲೆ ಹಚ್ಚದ ಮನೆಗೆ ದಟ್ಟಗಳ್ಳಿಯ ನಮ್ಮ ಬೀದಿಯವರು ತಂದಿಟ್ಟವು. ಕೆಲವರ ಮುಖವನ್ನೂ ನಾನು ನೋಡಿರಲಿಲ್ಲ, ಆದರೆ ಸ್ಟೀಲಿನ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರಿನಿಂದ ಯಾರ ಮನೆಯದೆಂದು ತಿಳಿಯುತ್ತಿತ್ತು. ಅವನ್ನೆಲ್ಲ ತೊಳೆದು, ಒರೆಸಿ, ಮತ್ತೆ ತೊಳೆದೆ. ಕೊಟ್ಟು ಬರೋಣವೆಂದು ಎತ್ತಿಕೊಂಡರೆ, ಆ ದಿನಗಳಲ್ಲಿ ಜೊತೆಗಿರಲು ಬಂದಿದ್ದ ಅತ್ತೆ ಮೆಲ್ಲಗೆ ಹೇಳಿದರು: "ಖಾಲಿ ಕೊಡಬಾರದು ಕಣೇ."

ಅದು ನನಗೂ ಗೊತ್ತು. ಯಾರದೇ ಪಾತ್ರೆಯಾಗಲಿ, ಹಿಂದಿರುಗಿಸುವಾಗ ಒಳಗೆ ಏನಾದರೂ ಇರಬೇಕು. ಆದರೆ ಏನು? ಸಕ್ಕರೆ ಹಾಕಲು ಹೋದೆ, ಸಕ್ಕರೆ ಸಂತೋಷದ ಮನೆಯಿಂದ ಹೋಗಬೇಕಾದ್ದು. ಅಕ್ಕಿಗೆ ಕೈ ಹಾಕಿದೆ, ಮೂರು ದಿನದ ಹಿಂದೆ ಅಕ್ಕಿಯನ್ನು ಅವಳ ತುಟಿಯ ಮೇಲೆ ಕಂಡದ್ದು ನೆನಪಾಗಿ ಕೈ ಹಿಂದಕ್ಕೆ ಬಂತು. ಸೂತಕ ಕಳೆಯಿತು ಅನ್ನುತ್ತಾರೆ, ಕಳೆದಿಲ್ಲವೆಂದು ನನಗೆ ಗೊತ್ತು. ಇಂಥ ಮನೆಯದನ್ನು ಕೊಟ್ಟರೆ ಅವರು ತೆಗೆದುಕೊಳ್ಳುತ್ತಾರೋ ಇಲ್ಲವೋ. ಇಡೀ ಬೆಳಗ್ಗೆ ಹೀಗೇ ಹೋಯಿತು. ಮಗಳನ್ನು ಕಳೆದುಕೊಂಡವಳು ಡಬ್ಬಿಯ ಚಿಂತೆ ಮಾಡುತ್ತಾ ಕೂತಿದ್ದಾಳಲ್ಲ ಎಂದು ಅತ್ತೆ ಅಂದುಕೊಂಡಿರಬೇಕು. ನಾನೂ ಅಂದುಕೊಂಡೆ.

ಕೊನೆಗೆ ನನ್ನ ಕೈ ಹಿಡಿದದ್ದು ನಾನು ಓದಿದ ಕಾನ್ವೆಂಟು. ಅಲ್ಲಿ ಕಾಂಪೊಸಿಷನ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು, ಯಾರಿಂದ ಏನು ಪಡೆದರೂ ಒಂದು ವಂದನೆಯ ಪತ್ರ ಬರೆಯಬೇಕೆಂದು ತಲೆಗೆ ತುಂಬಿದ್ದರು. ಎಡಕ್ಕೆ ಮಾರ್ಜಿನ್, ಬಲಕ್ಕೆ ತಾರೀಖು. ಏಳು ಪತ್ರ ಬರೆದೆ. "ತಾವು ಕಳುಹಿಸಿದ ಆಹಾರಕ್ಕಾಗಿ ನಾವು ತಮಗೆ ಚಿರಋಣಿಗಳಾಗಿದ್ದೇವೆ." ಇವರು, ಮೇಧಾಳ ಅಪ್ಪ, ಒಂದನ್ನು ಎತ್ತಿ ಓದಿದರು. "ಏನೇ ಇದು, ಲೀವ್ ಲೆಟರ್ ಬರೆದ ಹಾಗಿದೆ!" ಅಂದರು. ನನಗೆ ನಗು ಬಂತು, ಅವರಿಗೂ ಬಂತು. ಆಮೇಲೆ ಇಬ್ಬರೂ ಹೆದರಿ ಮುಖ ತಿರುಗಿಸಿಕೊಂಡೆವು.

ಮೊದಲ ಪತ್ರ ಹಿಂದಿನ ಮನೆಯ ಜಯಮ್ಮನವರ ಡಬ್ಬಿಯಲ್ಲಿ ಹೋಯಿತು. ಗಂಡ ರಿಟೈರ್ಡ್ ಬಸ್ ಡ್ರೈವರ್, ಹಳ್ಳಿಯ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಅಲ್ಲಿಯವರೆಗೆ ನಮ್ಮ ಪರಿಚಯ ಕಾಂಪೌಂಡಿನಾಚೆಯ ಒಂದು ನಗುವಿನಷ್ಟೇ. ಅರ್ಧ ಗಂಟೆಯಲ್ಲಿ ಡಬ್ಬಿಯನ್ನೂ ಕಾಗದವನ್ನೂ ಹಿಡಿದುಕೊಂಡು ಬಂದರು.

"ಏನ್ರಮ್ಮ ಇದು? ಡಬ್ಬಿ ಒಳಗೆ ಕಾಗ್ದ! ನಾನೇನ್ ಮದ್ವೆ ಮುಯ್ಯಿ ಮಾಡಿದ್ನಾ, ವಂದನೆ ಗಿಂದನೆ ಬರಿಯಕ್ಕೆ?"

"ಖಾಲಿ ಕೊಡಬಾರದು ಅಂತ..." ಎಂದು ತೊದಲಿದೆ.

"ಖಾಲಿ ಕೊಡ್ಬ್ಯಾಡಿ. ಕೊಡ್ಲೇಬ್ಯಾಡಿ! ಡಬ್ಬಿ ಇಲ್ಲಿದ್ರೆ ತಾನೇ ಡಬ್ಬಿ ಕೇಳಕ್ಕೆ ಅಂತ ನಾನು ಬರಾದು? ಸುಮ್‌ಸುಮ್ನೆ ಎಂಗೆ ಬರ್ಲಿ, ನೀವು ಇಂಗ್ಲಿಸ್ ಓದಿದೋರು."

ಹೀಗಂದು, ಕೊಟ್ಟ ಡಬ್ಬಿಯನ್ನು ಮತ್ತೆ ನಮ್ಮ ಕಟ್ಟೆಯ ಮೇಲೆ ಕುಕ್ಕಿ ಹೋದರು. ಉಳಿದ ಆರನ್ನು ಅತ್ತೆ ಯಾವಾಗಲೋ ಏನೋ ಹಾಕಿ ಕೊಟ್ಟು ಬಂದರು. ಏನು ಹಾಕಿದರೆಂದು ನಾನು ಇವತ್ತಿಗೂ ಕೇಳಿಲ್ಲ.

ಮಾರನೆಯ ದಿನದಿಂದ ಜಯಮ್ಮ ಹನ್ನೊಂದಕ್ಕೆ ಸರಿಯಾಗಿ "ಡಬ್ಬಿ ಬೇಕಿತ್ತು" ಎಂದು ಬರತೊಡಗಿದರು. ಬರುವಾಗ ಕೈಯಲ್ಲಿ ಇನ್ನೊಂದು ಡಬ್ಬಿ. ಅದನ್ನಿಟ್ಟು ಇದನ್ನು ಒಯ್ಯುವುದು. ಒಳಗೆ ರಾಗಿಮುದ್ದೆ, ಬಸ್ಸಾರು. ನಮ್ಮ ಮನೆಯಲ್ಲಿ ಮುದ್ದೆ ಮಾಡಿದವರಿಲ್ಲ, ಬೆಳ್ಳುಳ್ಳಿಯೂ ಅಪರೂಪ. ಅತ್ತೆ ಏನನ್ನುತ್ತಾರೋ ಎಂದುಕೊಂಡೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಮೊದಲ ತುತ್ತನ್ನು ಅಗಿಯತೊಡಗಿದೆ.

"ಅಗೀಬ್ಯಾಡ್ರಮ್ಮ, ನುಂಗಿ. ಚೂಯಿಂಗ್ ಗಮ್ಮಾ ಅದು?"

ಆ ದಿನಗಳಲ್ಲಿ ನನಗೆ ಅಗಿಯಲು ಆಗುತ್ತಿರಲಿಲ್ಲ. ಅನ್ನ ಬಾಯಲ್ಲಿ ಹಾಗೇ ಕೂತಿರುತ್ತಿತ್ತು. ಬಂದವರು ದೊಡ್ಡ ದೊಡ್ಡ ಮಾತು ಹೇಳಿದ್ದರು, ದೇವರ ಇಚ್ಛೆ, ಹಣೆಬರಹ, ಇನ್ನೊಂದು ಮಗು. ಯಾವುದೂ ಒಳಗೆ ಇಳಿದಿರಲಿಲ್ಲ. ಮುದ್ದೆ ಇಳಿಯಿತು. ಇದಕ್ಕೆ ಅರ್ಥವೇನೆಂದು ಈಗಲೂ ಯೋಚಿಸುತ್ತೇನೆ. ಬಹುಶಃ ಏನೂ ಇಲ್ಲ, ಮುದ್ದೆ ಮೆತ್ತಗಿರುತ್ತದೆ ಅಷ್ಟೇ.

ಹೀಗೆ ಸುಮಾರು ಎರಡು ತಿಂಗಳು. ಒಂದು ದಿನ ಉಣ್ಣುತ್ತಾ ಉಣ್ಣುತ್ತಾ, "ಇವತ್ತು ಉಪ್ಪು ಸ್ವಲ್ಪ ಕಮ್ಮಿ ಆಯ್ತೇನೋ ಜಯಮ್ಮ" ಅಂದುಬಿಟ್ಟೆ. ಅವರು ಹೂಂ ಅಂದು ಹೋದರು. ನಾನು ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಉಪ್ಪು ಕೇಳಿದೆ! ನನ್ನ ನಾಲಿಗೆಗೆ ರುಚಿ ಬಂದಿದೆ, ಹನ್ನೊಂದಾಗುವುದನ್ನು ಕಾಯುತ್ತಿದ್ದೇನೆ. ಇವತ್ತು ಉಪ್ಪು, ನಾಳೆ ಹೊಸ ಸೀರೆ, ನಾಡಿದ್ದು ಮೇಧಾ ಯಾರೆಂದು ಕೇಳುತ್ತೇನೇನೋ. ಸಮಾಧಾನವಾದರೆ ಅವಳು ಇನ್ನೊಂದು ಸಲ ಹೋಗುತ್ತಾಳೆ, ಈ ಸಲ ಕಳಿಸುವವಳು ನಾನೇ. ಹಾಗೆ ಅನ್ನಿಸಿತು. ನಗಬೇಡಿ. ನಕ್ಕರೂ ಪರವಾಗಿಲ್ಲ.

ಮರುದಿನ ಬಾಗಿಲು ತೆಗೆಯಲಿಲ್ಲ. ಅದರ ಮರುದಿನವೂ ಇಲ್ಲ. ಇವರು ಆಫೀಸಿಗೆ ಹೋಗಿರುತ್ತಿದ್ದರು, ಅತ್ತೆ ಮೈದುನನ ಮನೆಗೆ ಹಿಂದಿರುಗಿದ್ದರು. ಬೆಲ್ ಆಗುತ್ತಿತ್ತು, ನಾನು ರೂಮಿನಲ್ಲಿ ಮಂಚದ ತುದಿಯಲ್ಲಿ ಕಳ್ಳಿಯ ಹಾಗೆ ಕೂತಿರುತ್ತಿದ್ದೆ. ಮೂರನೆಯ ದಿನ ಬೆಲ್ ನಿಂತ ಮೇಲೆ ಕಿಟಕಿಯ ಹತ್ತಿರ ದನಿ ಕೇಳಿಸಿತು. "ಒಳಗಿದೀರ ಅಂತ ಗೊತ್ತು ಕಣಮ್ಮ. ಚಪ್ಲಿ ಇಲ್ಲೇ ಅವೆ."

ಬಾಗಿಲು ತೆಗೆದೆ. ನಿಂತಲ್ಲೇ ಅತ್ತುಬಿಟ್ಟೆ. "ಉಪ್ಪು ಕಮ್ಮಿ ಅಂದೆ ಜಯಮ್ಮ. ಅವಳು ಹೋಗಿ ಎರಡೇ ತಿಂಗಳು, ನಾನು ಉಪ್ಪು ಕೇಳಿದೆ."

ಜಯಮ್ಮ ನನ್ನನ್ನು ತಬ್ಬಿಕೊಳ್ಳಲಿಲ್ಲ, ತಲೆ ಸವರಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದರು. "ಅಂಗಾದ್ರೆ ನನ್ ಗತಿ ಏನು? ನೀವಂದ್ರಲ್ಲ ಅಂತ ಮೂರು ದಿನದಿಂದ ಉಪ್ಪು ಜಾಸ್ತಿ ಆಕಿ ಮಾಡ್ತಾ ಇವ್ನಿ. ನಮ್ಮೆಜಮಾನ್ರಿಗೆ ಬೀಪಿ. ಉಣ್ಣಕ್ಕೂ ಆಗ್ದೆ, ಬುಡಕ್ಕೂ ಆಗ್ದೆ ಬಯ್ತಾ ಅವ್ರೆ. ನೀವೂ ತಿನ್ನಕಿಲ್ಲ ಅಂದ್ರೆ ಇದನ್ನ ಯಾರು ತಿನ್ನಾದು?"

ನಾನು ತಟ್ಟೆ ತಂದೆ. ಅವತ್ತು ಉಪ್ಪು ವಿಪರೀತವಾಗಿತ್ತು. ಇಬ್ಬರೂ ನೀರು ಕುಡಿಯುತ್ತಾ ಕುಡಿಯುತ್ತಾ ತಿಂದೆವು.

ಇದರಿಂದ ನನ್ನ ಗೊಂದಲ ತೀರಿತೆಂದು ಬರೆದರೆ ಸುಳ್ಳಾಗುತ್ತದೆ. ಹಸಿವಾದಾಗಲೆಲ್ಲ ಇವತ್ತಿಗೂ ಒಂದು ಕ್ಷಣ, ಇದು ಸರಿಯೇ ಎಂದು ಒಳಗೇ ಯಾರನ್ನೋ ಕೇಳಿಕೊಳ್ಳುತ್ತೇನೆ. ಜಯಮ್ಮನವರು ಇಲವಾಲದಲ್ಲಿ ಮನೆ ಕಟ್ಟಿಸಿಕೊಂಡು ಹೋಗಿ ಮೂರು ವರ್ಷವಾಯಿತು. ಹೋಗುವಾಗ ತಮ್ಮ ಡಬ್ಬಿಗಳನ್ನೆಲ್ಲ ಹೆಸರು ನೋಡಿ ನೋಡಿ ಆರಿಸಿಕೊಂಡು ಹೋದರು. ಆಮೇಲೆ ಫೋನು, ಹಬ್ಬಕ್ಕೊಮ್ಮೆ. ಅಲ್ಲಿಯವರೆಗೆ ಯಾವ ನೆಪ ಹೇಳಿಕೊಂಡು ಹೋಗುವುದೆಂದು ನಾನೂ ಹೋಗಿರಲಿಲ್ಲ.

ಇವತ್ತು ಬಟ್ಟೆ ಹಾಗೇ ಬಿಟ್ಟು ಅವರಿಗೆ ಫೋನ್ ಮಾಡಿದೆ.

"ಜಯಮ್ಮ, ಭಾನುವಾರ ನಿಮ್ಮಲ್ಲಿಗೆ ಊಟಕ್ಕೆ ಬರ್ತೀವಿ."

"ಬನ್ನಿ ಬನ್ನಿ! ಯಾಕ್ರಮ್ಮ, ಏನಾದ್ರೂ ವಿಸೇಸವಾ?"

"ಏನಿಲ್ಲ. ಹಸಿವಾಗಿದೆ."

ಅವರು ಗಟ್ಟಿಯಾಗಿ ನಕ್ಕರು. "ಇವತ್ತಿನ ಅಸಿವಿಗೆ ಭಾನ್ವಾರ ಊಟ್ವಾ! ಆಯ್ತು, ಎಷ್ಟು ಜನಕ್ಕೆ ಮುದ್ದೆ ಕಟ್ಲಿ?"

"ಮೂ..." ಅಂದು ನಿಂತೆ. ಐದು ವರ್ಷವಾದರೂ ನಾಲಿಗೆಗೆ ಮೊದಲು ಬರುವುದು ಅದೇ. ಸರಿಮಾಡಿ ಎರಡು ಅನ್ನಬೇಕು, ಆದರೆ ಅನ್ನಲಿಲ್ಲ. ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ಮೂರೇ ಕಟ್ತೀನಿ ಬುಡಿ," ಅಂದರು ಜಯಮ್ಮ. "ಮೂರನೇದ್ನ ಚಿಕ್ಕದಾಗಿ ಕಟ್ತೀನಿ."