ಒಂದು ಮೊಳ ಮೇಲಕ್ಕೆ

ಅಕ್ಕನ ಊಟದ ಮೇಜಿನ ಮೇಲಿದ್ದ ದೀಪವನ್ನು ನಾನು ಒಂದು ಮೊಳ ಮೇಲಕ್ಕೆ ಎತ್ತಿ ಕಟ್ಟಲಿಲ್ಲ. ಕಟ್ಟಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ, ಕಟ್ಟಲಿಲ್ಲ. ಹತ್ತು ನಿಮಿಷದ ಕೆಲಸ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಅದನ್ನೂ ಹೇಳುತ್ತೇನೆ. ಆದರೆ ಅದು ಹುಟ್ಟಿದ್ದು ಈ ಒಂದು ಮೊಳದಲ್ಲೇ.

ಹೋದ ತಿಂಗಳು ವಿಶಾಖಪಟ್ಟಣದ ಹತ್ತಿರ ಪೆಂಡುರ್ತಿಯಲ್ಲಿರುವ ಅಕ್ಕನ ಮಗಳ ಹೊಸ ಮನೆಗೆ ಹೋಗಿದ್ದೆ. ಅವಳು ರಟ್ಟಿನ ಪೆಟ್ಟಿಗೆಯೊಂದರಿಂದ ಆ ಹಳೆಯ ದೀಪವನ್ನು ತೆಗೆದು ನನ್ನ ಕೈಗಿಟ್ಟಳು. ಸರಿಯಿದೆಯೋ ಇಲ್ಲವೋ ನೋಡೋಣ ಎಂದು ಬಲ್ಬು ಸಿಕ್ಕಿಸಿ ಹೊತ್ತಿಸಿದೆ. ಸ್ವಲ್ಪ ಹೊತ್ತಿಗೆ ತಗಡು ಬಿಸಿಯಾಗಿ ಲಾರಿ ಪೇಂಟಿನ ವಾಸನೆ ಬಂತು. ನಾನೇ ಬಳಿದ ಪೇಂಟು. ಇಷ್ಟು ವರ್ಷವಾದರೂ ಆ ವಾಸನೆ ಹೋಗಿರಲಿಲ್ಲ... ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಭಾವನ ಮೇಲೆ, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಅದು ಆರುವ ಮುಂಚೆ ಬರೆದುಬಿಡಬೇಕು ಎಂದು ಕೂತಿದ್ದೇನೆ.

ನಮ್ಮದು ತಿಪಟೂರಿನ ಕಡೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ತವರಿನಲ್ಲಿ ಹೆರಿಗೆಯಾದ ಹದಿನೈದನೇ ದಿನಕ್ಕೆ ಅವಳಿಗೆ ವಿಪರೀತ ಜ್ವರ ಬಂತು. ಜ್ವರ ಇಳಿಯಿತು, ಕಿವಿ ಉಳಿಯಲಿಲ್ಲ. ಆಮೇಲೆ ತುಟಿ ನೋಡಿ ಮಾತು ತಿಳಿಯುವುದನ್ನು ತಾನೇ ಕಲಿತಳು. ಬೆಳಕಿನಲ್ಲಿ ನಿಂತು ಕನ್ನಡದಲ್ಲಿ ಮಾತಾಡಿದರೆ ಒಂದಕ್ಷರ ಬಿಡುತ್ತಿರಲಿಲ್ಲ. ನಾನು ದೂರದಲ್ಲಿ ನಿಂತು ಗೊಣಗಿದರೂ "ಲೋ ಕಳ್ಳ, ಬೈದೆಯಲ್ಲ ಈಗ?" ಎಂದು ಹಿಡಿಯುತ್ತಿದ್ದಳು.

ಭಾವ ಬ್ಯಾಂಕಿನಲ್ಲಿ ಆಫೀಸರು. ಅಕ್ಕನ ಕಿವಿ ಹೋದ ಮೇಲೆಯೇ ಅವರಿಗೆ ಆಂಧ್ರಕ್ಕೆ ವರ್ಗವಾದದ್ದು, ಮೊದಲು ವಿಜಯವಾಡಕ್ಕೆ, ಆಮೇಲೆ ವಿಶಾಖಪಟ್ಟಣಕ್ಕೆ. ವಿಜಯವಾಡದಲ್ಲಿದ್ದಾಗ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಊರಲ್ಲಿ ಅಲೆಯುತ್ತಿದ್ದ ನನ್ನನ್ನು ಕರೆಸಿ ಆಟೋನಗರ್‌ನ ಒಂದು ಶೆಡ್ಡಿನಲ್ಲಿ ಲಾರಿ ವೈರಿಂಗ್ ಕೆಲಸಕ್ಕೆ ಸೇರಿಸಿದರು. ಆ ಉಪಕಾರವನ್ನು ಅವರು ನನಗೆ ಮರೆಯಲು ಬಿಡುತ್ತಿರಲಿಲ್ಲ. ಅವರು ಹೇಳಿದ್ದಕ್ಕೆಲ್ಲ ನಾನು ಹೂಂ ಎನ್ನುತ್ತಿದ್ದೆ.

ಅಕ್ಕನಿಗೆ ತೆಲುಗು ಮಾತ್ರ ದಕ್ಕಲಿಲ್ಲ. ಕಿವಿಯಲ್ಲಿ ಒಮ್ಮೆಯೂ ಕೇಳಿರದ ಭಾಷೆಯನ್ನು ತುಟಿಯ ಮೇಲೆ ಗುರುತು ಹಿಡಿಯುವುದು ಹೇಗೆ? ಮಗಳು ಬೀದಿಯಲ್ಲಿ ತೆಲುಗು, ಅಮ್ಮನ ಮುಂದೆ ಕನ್ನಡ. ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮಾತಾಡುತ್ತಿತ್ತು ಆ ಮಗು. ಅದನ್ನು ನೋಡುವುದೇ ಒಂದು ಚೆಂದ...

ವಿಶಾಖಪಟ್ಟಣಕ್ಕೆ ಹೋದ ಮೇಲೆ ಅಲ್ಲಿನ ಗಾಜುವಾಕದ ಬಾಡಿಗೆ ಮನೆಗೆ ಭಾವ ಊಟದ ಮೇಜು ತಂದರು. ಯಾವುದೋ ಇಂಗ್ಲಿಷ್ ಪತ್ರಿಕೆಯ ಚಿತ್ರವನ್ನು ಕತ್ತರಿಸಿ, ವಿಜಯವಾಡದಲ್ಲೇ ಉಳಿದಿದ್ದ ನನಗೆ ಅಂಚೆಯಲ್ಲಿ ಕಳಿಸಿದರು. ಮೇಜಿನ ಮೇಲೆ ತಗ್ಗಾಗಿ ಇಳಿಬಿಟ್ಟ, ಬೋಗುಣಿಯನ್ನು ಕವುಚಿದಂಥ ದೀಪ. ಅಂಥದ್ದೇ ಬೇಕು ಎಂದರು. ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಮಿಕ್ಕಿದ್ದ ಅಲ್ಯೂಮಿನಿಯಂ ತಗಡನ್ನು ಬಡಿದು ಬೋಗುಣಿ ಮಾಡಿದೆ. ಹೊರಗೆ ಹಸಿರು, ಒಳಗೆ ಬಿಳಿ ಬಳಿದೆ. ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಿಶಾಖಪಟ್ಟಣಕ್ಕೆ ಹೋದೆ. ಅಕ್ಕ ಅದನ್ನು ನೋಡಿ, "ಇದರಲ್ಲಿ ಐದು ಸೇರು ಅಕ್ಕಿ ನೆನೆಹಾಕಬಹುದು ಕಣೋ" ಎಂದು ನಕ್ಕಳು.

ನಾನು ಸ್ಟೂಲಿನ ಮೇಲೆ ನಿಂತಿದ್ದೆ. ಭಾವ ಆ ಚಿತ್ರ ಹಿಡಿದು ಕೆಳಗೆ ನಿಂತಿದ್ದರು.

"ಇಳಿಸು. ಇನ್ನೂ ಇಳಿಸು."

"ಭಾವ, ತೀರಾ ತಗ್ಗಾಗುತ್ತೆ."

"ತಟ್ಟೆ ಮೇಲೆ ಬೆಳಕು ಬೀಳಬೇಕಯ್ಯಾ, ಮುಖದ ಮೇಲಲ್ಲ. ದೊಡ್ಡವರ ಮನೇಲಿ ಹೀಗೇ ಇರೋದು. ಲಾರಿ ಇಂಜಿನಿಯರ್‌ಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?"

ಮೇಜಿನಿಂದ ಒಂದು ಮೊಳದ ಮೇಲೆ ನಾಲ್ಕು ಬೆರಳು. ಅಲ್ಲಿಗೇ ನಿಲ್ಲಿಸಿದರು. ಗೋಡೆಯ ಟ್ಯೂಬ್‌ಲೈಟು ರೈಲ್ವೆ ಸ್ಟೇಷನ್ನಿನ ಹಾಗೆ ಕಾಣುತ್ತದೆ ಎಂದು ಅದನ್ನು ನನ್ನ ಕೈಯಿಂದಲೇ ಬಿಚ್ಚಿಸಿ ಅಡುಗೆಮನೆಗೆ ಹಾಕಿಸಿದರು.

ಆ ಸಂಜೆ ಎಲ್ಲರೂ ಊಟಕ್ಕೆ ಕೂತೆವು. ತಟ್ಟೆ, ಕೈ, ಸಾರಿನ ಪಾತ್ರೆ ಎಲ್ಲ ಬೆಳಗುತ್ತಿದ್ದವು. ಕತ್ತಿನಿಂದ ಮೇಲಕ್ಕೆ ಎಲ್ಲರೂ ಕತ್ತಲು. ಭಾವ ಏನೋ ಹೇಳಿದರು, ನಾನು ನಕ್ಕೆ, ಮಗುವೂ ನಕ್ಕಿತು. ಅಕ್ಕ ಒಂದು ಕತ್ತಲಿನಿಂದ ಇನ್ನೊಂದು ಕತ್ತಲಿಗೆ ಮುಖ ತಿರುಗಿಸುತ್ತಿದ್ದಳು. ಕೊನೆಗೆ ತಾನೂ ನಕ್ಕಳು, ಎಲ್ಲರ ನಗು ಮುಗಿದ ಮೇಲೆ.

ಪಾತ್ರೆ ತೊಳೆಯುವಾಗ ನನ್ನನ್ನು ಅಡುಗೆಮನೆಗೆ ಕರೆದಳು. "ಬಾಯಿ ಕಾಣಲ್ಲ ಕಣೋ. ತಟ್ಟೇಲಿರೋ ಅನ್ನ ಮಾತಾಡುತ್ತಾ?" ಗೋಡೆಗೆ ಮೊಣಕೈ ಊರಿ ಬೆರಳು ಚಾಚಿ ತೋರಿಸಿದಳು. "ಇಷ್ಟು. ಒಂದು ಮೊಳ ಮೇಲಕ್ಕೆ ಹೋಗ್ಲಿ, ಸಾಕು."

"ಭಾವಂಗೆ ಹೇಳಿ ಮುಂದಿನ ಸಲ ಎತ್ತಿಕೊಡ್ತೀನಿ ಅಕ್ಕ" ಎಂದೆ. ಭಾವನಿಗೆ ಹೇಳಲಿಲ್ಲ. ಬೆಳಗಿನ ರೈಲಿಗೆ ವಿಜಯವಾಡಕ್ಕೆ ಬಂದುಬಿಟ್ಟೆ. ಅವಳಿಂದ ಎರಡು ಕಾಗದ ಬಂದವು. ಎರಡರ ಕೊನೆಯಲ್ಲೂ ಒಂದೇ ಸಾಲು: ದೀಪದ್ದು ಮರೀಬೇಡ.

ಮುಂದಿನ ಬೇಸಿಗೆಗೆ ಮೂರನೆಯ ಕಾಗದ ಬಂತು. ನೀರಿನ ಪಂಪು ಕೆಟ್ಟು ತಿಂಗಳಾಯಿತು, ಕೆಳಗಿನಿಂದ ಮಹಡಿಗೆ ಕೊಡದಲ್ಲಿ ಹೊರುತ್ತಿದ್ದೇನೆ, ಬಂದು ರಿಪೇರಿ ಮಾಡಿಕೊಡು ಎಂದು ಬರೆದಿದ್ದಳು. ಹೋದೆ. ಮೇಜಿನ ಮೇಲೆ ದೀಪ ಅಷ್ಟೇ ತಗ್ಗಿನಲ್ಲಿತ್ತು, ಆದರೆ ವೈರು ಎರಡು ಕಡೆ ಸೊಟ್ಟಗಾಗಿತ್ತು. ಏನಿದು ಎಂದು ಕೇಳಿದೆ. ನನ್ನನ್ನು ಕಾದು ಕಾದು ಅವಳೇ ಕುರ್ಚಿ ಹತ್ತಿ, ವೈರನ್ನು ಮಡಚಿ, ಸೀರೆಯ ಅಂಚಿನ ಚೂರಿನಿಂದ ಬಿಗಿದು ದೀಪವನ್ನು ಎತ್ತಿ ಕಟ್ಟಿದ್ದಳಂತೆ. ಭಾವ ಕತ್ತರಿ ತಂದು ಆ ಚೂರನ್ನು ಕತ್ತರಿಸಿ ಹಾಕಿದ್ದರು. "ಎರಡು ದಿನ ಎಲ್ಲರ ಬಾಯಿ ನೋಡಿದೆ ಬಿಡು" ಎಂದಳು, ಹಬ್ಬಕ್ಕೆ ಹೋಗಿಬಂದವರ ಹಾಗೆ.

ಆಗಲಾದರೂ ಸ್ಟೂಲು ಎಳೆದುಕೊಳ್ಳಬೇಕಿತ್ತು. ಭಾವ ಬರುವ ಹೊತ್ತಾಯಿತು ಎಂದು ಸುಮ್ಮನಾದೆ.

ಅವತ್ತು ಊಟಕ್ಕೆ ಕೂತಾಗ ಭಾವ ಮಾತು ತೆಗೆದರು. ಅವರಿಗೆ ಕನ್ನಡದ ನಡುವೆ ತೆಲುಗು ಬೆರೆಸುವ ಚಾಳಿ. ತೆಲುಗಿನಲ್ಲಿ 'ಪಂಪು' ಎಂದರೆ ಕಳಿಸು. ಕಳಿಸೋಣ ಎನ್ನುವ ಕಡೆಯೆಲ್ಲ ಅವರು 'ಪಂಪಿಸೋಣ' ಎನ್ನುತ್ತಿದ್ದರು.

"ಮಗೂನ ಜೂನಿಗೆ ವಿಜಯವಾಡದ ಹಾಸ್ಟೆಲ್‌ಗೆ ಪಂಪಿಸೋಣ ಅಂತಿದೀನಿ. ಇಲ್ಲೇ ಇದ್ರೆ ಅಮ್ಮನ ಮುಂದೆ ಬಾಯಿ ಬಾಯಿ ಬಿಟ್ಕೊಂಡೇ ಬೆಳೆಯುತ್ತೆ. ನೀನು ಹೇಗೂ ಅಲ್ಲೇ ಇದೀಯ, ಗಾರ್ಡಿಯನ್ ಅಂತ ಸೈನ್ ಹಾಕು."

"ಆಗಲಿ ಭಾವ" ಎಂದೆ.

ಅವರು ಅಕ್ಕನ ಕಡೆ ತಿರುಗಿ ಜೋರಾಗಿ ಕೇಳಿದರು. "ಏನಂತೀಯ? ಪಂಪಿಸೋಣ್ವಾ?"

ಆ ಕತ್ತಲಿನಲ್ಲಿ ಅಕ್ಕನಿಗೆ ಕಂಡದ್ದು ಎರಡು ಸಲ ಕೂಡಿ ಬಿಟ್ಟ ತುಟಿ, ಅಷ್ಟೇ. ಅವಳ ಮುಖ ಅರಳಿತು. "ಹೂಂ ಮತ್ತೆ! ಬೇಗ ಮಾಡಿಸಿಬಿಡಿ. ನಂಗೂ ಸಾಕಾಗಿಹೋಗಿದೆ" ಎಂದಳು. ಹಾಗಂದು ನನ್ನ ಕಡೆ ನೋಡಿ ತಲೆ ಆಡಿಸಿದಳು, ಪಂಪು ರಿಪೇರಿ ಮಾಡಲು ಬಂದವನ ಕಡೆ.

ನನಗೆ ಆ ಕ್ಷಣವೇ ತಿಳಿಯಿತು. ಅವಳು ನೀರಿನ ಪಂಪಿನ ಮಾತಾಡುತ್ತಿದ್ದಾಳೆ. ಎದ್ದು ಅವಳ ಹತ್ತಿರ ಹೋಗಿ ಬಗ್ಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಕೈ ಅನ್ನ ಕಲೆಸುತ್ತಿತ್ತು. ಮಗು ತಟ್ಟೆಯಿಂದ ತಲೆ ಎತ್ತಿ ಅಮ್ಮನನ್ನು ನೋಡಿತು. ಅದಕ್ಕೆ ಎಂಟು ವರ್ಷ. ಅಪ್ಪ ಕೇಳಿದ್ದೂ ಅಮ್ಮ ಹೇಳಿದ್ದೂ ಅದಕ್ಕೆ ಚೆನ್ನಾಗಿ ಕೇಳಿಸಿತ್ತು.

ಜೂನ್‌ನಲ್ಲಿ ಮಗುವನ್ನು ಕರೆದೊಯ್ಯಲು ನಾನೇ ಹೋದೆ. ಟ್ರಂಕು ತುಂಬುವುದನ್ನು ಕಂಡು ಅಕ್ಕ ಗಾಬರಿಯಾಗಿ ಭಾವನ ತೋಳು ಹಿಡಿದುಕೊಂಡಳು. ಭಾವ ಹೇಳಿದರು, "ನೀನೇ ಅಂದೆಯಲ್ಲ, ಬೇಗ ಮಾಡಿಸಿ, ಸಾಕಾಗಿದೆ ಅಂತ. ಕೇಳು ನಿನ್ನ ತಮ್ಮನ್ನ." ಅಕ್ಕ ನನ್ನ ಬಾಯಿಯನ್ನೇ ನೋಡಿದಳು. ಬೆಳಗಿನ ಹತ್ತು ಗಂಟೆ. ಕಿಟಕಿಯ ಬಿಸಿಲು ನೇರ ನನ್ನ ಮುಖದ ಮೇಲಿತ್ತು.

"ಹೌದಕ್ಕ, ನೀನೇ ಅಂದೆ" ಎಂದೆ.

ಅವಳು ಭಾವನ ತೋಳು ಬಿಟ್ಟಳು. "ಹಾಗಾದ್ರೆ ಅಂದಿರಬೇಕು" ಎಂದಳು... ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಮುಂದಿನ ವರ್ಷಗಳಲ್ಲಿ ಭಾನುವಾರ ಬಿಸ್ಕೆಟ್ ಪೊಟ್ಟಣ ಹಿಡಿದು ಹಾಸ್ಟೆಲ್ಲಿಗೆ ಹೋಗುತ್ತಿದ್ದೆ. ಗಾರ್ಡಿಯನ್ನು! ಒಂದು ಸಲ ಮಗು ಕೇಳಿತು, "ಮಾವಯ್ಯಾ, ಅಮ್ಮಂಗೆ ನಾನು ಯಾಕೆ ಸಾಕಾದೆ?" ಚೆನ್ನಾಗಿ ಓದ್ಕೋ ಎಂದು ಹೇಳಿ ಎದ್ದು ಬಂದೆ. ಆಮೇಲೆ ಅವಳು ನನ್ನ ಹತ್ತಿರವೂ ತೆಲುಗಿನಲ್ಲೇ ಮಾತಾಡತೊಡಗಿದಳು. ರಜೆಗೆ ಮನೆಗೆ ಹೋದರೂ ಅಮ್ಮನ ಗಲ್ಲ ಹಿಡಿಯಲಿಲ್ಲ. ಅಕ್ಕ ಮಗಳ ಎದುರು ಕೂತು ಅವಳ ತುಟಿಗಳನ್ನು ನೋಡುತ್ತಲೇ ಇರುತ್ತಿದ್ದಳು. ಅದು ತೆಲುಗು ತುಟಿ. ಅವಳಿಗೆ ಏನೂ ಸಿಗುತ್ತಿರಲಿಲ್ಲ.

ಮಗಳು ಕಾಲೇಜಿನಲ್ಲಿದ್ದಾಗ ಅಕ್ಕ ತೀರಿಕೊಂಡಳು. ದೀಪ ಅಲ್ಲೇ ಇತ್ತು, ಒಂದು ಮೊಳದ ಮೇಲೆ ನಾಲ್ಕು ಬೆರಳು. ಬಂದವರೆಲ್ಲ, "ಪಾಪ, ಯಾವತ್ತೂ ಯಾರಿಗೂ ಎದುರಾಡಿದವಳಲ್ಲ" ಎಂದರು. ಎದುರಾಡಬೇಕಾದರೆ ಎದುರಿನವರ ಬಾಯಿ ಕಾಣಬೇಕಲ್ಲ! ಇದನ್ನೂ ನಾನು ಅಲ್ಲಿ ಹೇಳಲಿಲ್ಲ. ಈಗ ಭಾವನೂ ಇಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಆದರೆ ಅವರು ಮಾಡಿದ್ದು ತಿಳಿಯದೆ, ಅವಳು ಒಪ್ಪಿದಳು ಎಂದುಕೊಂಡು. ತಿಳಿದೂ ಸುಮ್ಮನಿದ್ದವನು ನಾನೊಬ್ಬನೇ.

ಪೆಂಡುರ್ತಿಯ ಮನೆಯಲ್ಲಿ ಅಕ್ಕನ ಮಗಳು ಕೇಳಿದ್ದು ಇಷ್ಟೇ. ಊಟದ ಮೇಜಿನ ಮೇಲೆ ಇದನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು, ಮಾವಯ್ಯಾ?

ನಾನು ಟೇಪು ಹಿಡಿಯಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ವೈರನ್ನು ಮೇಲಿನ ಕೊಕ್ಕೆಯಿಂದ ಹಾಯಿಸಿ, ತುದಿಯನ್ನು ಪ್ಲಗ್ಗಿಗೆ ಸಿಕ್ಕಿಸಿ ಹೊತ್ತಿಸಿ, ಮಿಕ್ಕ ವೈರನ್ನು ಹಿಡಿದುಕೊಂಡು ಎದುರಿಗೆ ಕೂತೆ. ಮೊದಲು ಹಳೆಯ ಎತ್ತರಕ್ಕೆ ಇಳಿಸಿದೆ. ಅವಳ ಕೈ ಕಂಡವು, ಮುಖ ಕಾಣಲಿಲ್ಲ. ಮೆಲ್ಲಗೆ ಎಳೆದೆ. "ಇಂಕಾ ಪೈಕಾ?" ಇನ್ನೂ ಮೇಲಕ್ಕಾ ಎಂದಳು. ಎಳೆಯುತ್ತಾ ಹೋದೆ. ಗಲ್ಲ ಕಂಡಿತು, ಬಾಯಿ ಕಂಡಿತು, ಕಣ್ಣು ಕಂಡವು. ಅಲ್ಲಿಗೆ ನಿಲ್ಲಿಸಿ ಗಂಟು ಹಾಕಿದೆ. ಎಷ್ಟು ಎತ್ತಿದೆ ಎಂದು ವೈರಿನ ಮೇಲೆ ಕೈ ಇಟ್ಟು ನೋಡಿದೆ. ಒಂದು ಮೊಳ. ಅಕ್ಕ ಮಡಚಿ ಕಟ್ಟಿದ್ದ ಕಡೆಯ ಎರಡು ಸೊಟ್ಟ ಗುರುತುಗಳು ಇನ್ನೂ ಹಾಗೇ ಇದ್ದವು, ಅವುಗಳ ನಡುವೆಯೂ ಒಂದು ಮೊಳ.

ಅವಳಿಗೆ ಕನ್ನಡ ಅರ್ಧ ಮರೆತಿದೆ. ಅದಕ್ಕೇ ನಿಧಾನವಾಗಿ, ಅಕ್ಕನ ಹತ್ತಿರ ಮಾತಾಡುತ್ತಿದ್ದ ಹಾಗೆ ಬಾಯಿ ತುಂಬ ತೆರೆದು ಹೇಳಿದೆ.

"ಅವತ್ತು ನಿಮ್ಮಪ್ಪ ಪಂಪಿಸೋಣ್ವಾ ಅಂದ್ರಲ್ಲ, ನಿಮ್ಮಮ್ಮಂಗೆ ಕತ್ತಲಲ್ಲಿ ಅದು ನೀರಿನ ಪಂಪು ಅಂತ ಕಂಡಿತ್ತು ಕಣವ್ವ. ಸಾಕಾಗಿದೆ ಅಂದಿದ್ದು ನೀರು ಹೊರೋದಕ್ಕೆ. ನಿನಗಲ್ಲ. ನಂಗೆ ಗೊತ್ತಿತ್ತು. ನಾನು ಹೇಳಲಿಲ್ಲ."

ಅವಳ ತುಟಿ ಎರಡು ಸಲ ಕೂಡಿ ಬಿಟ್ಟಿತು. "ಪಂಪು?" ದನಿಯೇ ಬರಲಿಲ್ಲ. ಆದರೂ ನನಗೆ ಕಂಡಿತು.

ನಾನು ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿದೆ. ಬೆಳಕು ನನ್ನ ಮುಖದ ಮೇಲೆ ಸರಿಯಾಗಿ ಬೀಳುತ್ತಿತ್ತು.

"ಅಕ್ಕಾ, ನೀನು ಹಾಗೆ ಅಂದಿರಲಿಲ್ಲ. ನಾನೇ ಸುಳ್ಳು ಹೇಳಿದ್ದು. ತಪ್ಪಾಯ್ತಕ್ಕ."