ಎರಡನೆಯ ಹೆಸರು

ಕನಕಪುರದ ಬಸ್ ನಿಲ್ದಾಣದೆದುರು ನನ್ನ ಹೋಟೆಲಿನ ಗೋಡೆಗೊಂದು ಕಪ್ಪು ಹಲಗೆಯಿದೆ. ಹಾಕಿಸಿದ್ದು ತಿಂಡಿಪಟ್ಟಿ ಬರೆಯಲೆಂದು. ಆದರೆ ಹದಿನಾಲ್ಕು ವರ್ಷದಿಂದ ಬರೆಯುತ್ತಿರುವವನು ಗಂಗಹನುಮಯ್ಯ. ಪುರಸಭೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದು ನಿವೃತ್ತನಾದವನು, ನನ್ನ ಹಳ್ಳಿಯವನೇ. ದಿನಾ ಬೆಳಗ್ಗೆ ಆರಕ್ಕೆ ಬಂದು, ನಿನ್ನೆಯದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದನ್ನು ಬರೆಯುತ್ತಾನೆ. ಕಬ್ಬಾಳಿಗೆ ಮೊದಲ ಬಸ್ಸು ಓಡಿಸಿದ ಡ್ರೈವರ್ ಯಾರು, ಕೋಡಿಹಳ್ಳಿಗೆ ಕರೆಂಟು ಬಂದ ದಿನ ಯಾರ ಮನೆಯಲ್ಲಿ ಪಾಯಸ ಮಾಡಿದ್ದರು, ಇಂಥವು. ಇಡ್ಲಿಯ ರೇಟನ್ನು ನಾನು ಬಾಯಲ್ಲೇ ಕೂಗಿ ಹೇಳಬೇಕು.

ಸಾಲದ್ದಕ್ಕೆ ಅವನದೊಂದು ಹಟ. ಕಣ್ಣಾರೆ ಕಂಡ ಇಬ್ಬರು ಹೇಳಬೇಕು, ಇಬ್ಬರ ಹೆಸರೂ ಕೆಳಗೆ ಬರಬೇಕು. ಅವನ ಸ್ವಂತ ಮಾತು ಲೆಕ್ಕಕ್ಕಿಲ್ಲ. ಎರಡನೆಯವರು ಸಿಗದ ದಿನ ಹಲಗೆ ಖಾಲಿ. ಆಗಲೂ ನನ್ನ ತಿಂಡಿಪಟ್ಟಿಗೆ ಜಾಗ ಕೊಟ್ಟ ಪುಣ್ಯಾತ್ಮನಲ್ಲ.

ಎರಡು ಸಾವಿರದ ಆರರಲ್ಲಿ ನಮ್ಮ ಹಳ್ಳಿಯ ಹೊಲಗಳಿಗೆ ಕಾರ್ಖಾನೆ ಬಂತು. ಅದರ ರಸ್ತೆಗೆ ಒಂದು ಹಳೇ ಬಾವಿ ಅಡ್ಡವಾಯಿತು. ಪಾಳು ಗುಂಡಿ, ಸೋಮವಾರ ಮಣ್ಣು ತುಂಬುತ್ತೇವೆ ಎಂದ ಕಂಟ್ರಾಕ್ಟರ್. ಆ ಬಾವಿ ತೋಡಿದ್ದು ಗಂಗಹನುಮಯ್ಯನ ಅಪ್ಪ ನರಸಯ್ಯ ಮತ್ತು ಅವರ ಕೇರಿಯವರು. ಮುಚ್ಚುವುದನ್ನು ತಡೆಯಲಾಗದೆಂದು ಅವನಿಗೂ ಗೊತ್ತಿತ್ತು. ಅಷ್ಟರೊಳಗೆ ಅಪ್ಪನ ಹೆಸರು ಒಂದು ದಿನ ಹಲಗೆಯ ಮೇಲಿರಲಿ ಎಂಬುದಷ್ಟೇ ಆಸೆ.

ಅವರ ಕೇರಿಯ ಮುದುಕಿ ಮುನಿಯಮ್ಮ, ತೋಡಿದ್ದನ್ನು ಕಂಡಿದ್ದೇನೆ ಅಂದಳು. ಕಂಡ ಉಳಿದವರಲ್ಲಿ ವೆಂಕಟಯ್ಯನಿಗೆ ನೆನಪು ಹೋಗಿದೆ, ಲಕ್ಷ್ಮಯ್ಯ ಬದುಕಿಲ್ಲ. ಶನಿವಾರ, ಭಾನುವಾರ ಹಲಗೆ ಖಾಲಿ. ಹೆತ್ತಪ್ಪನ ಬಾವಿಗೂ ಇದೇ ಕಾನೂನಾ, ಸುಮ್ಮನೆ ಬರೆದು ಸಾಯಬಾರದಾ ಎಂದು ರೇಗಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಮೈ ಉರಿದದ್ದೇ ಅದಕ್ಕೆ. ಬಾವಿ ತೋಡುವಾಗ ನನಗೆ ಎಂಟು ವರ್ಷ, ಬದುವಿನ ಮೇಲೆ ಕೂತು ನೋಡಿದವನು. ಅದು ಅವನಿಗೂ ಗೊತ್ತು. ಯಾಕೆ ಕೇಳಲಿಲ್ಲವೆಂಬುದು ನನಗೂ ಗೊತ್ತು. ಅಲ್ಲೇ ಪಕ್ಕದಲ್ಲಿ ನಮ್ಮ ಬಾವಿ ತುಂಬಿ ನಿಂತಿತ್ತು, ಅವರ ಕೇರಿಯವರು ಅದರ ಹಗ್ಗ ಮುಟ್ಟಲು ನಮ್ಮಪ್ಪ ಬಿಟ್ಟಿರಲಿಲ್ಲ.

ಸೋಮವಾರ ಬೆಳಗ್ಗೆ ಬಂದು ಖಾಲಿ ಹಲಗೆಯನ್ನೇ ಒರೆಸತೊಡಗಿದ. ನನಗೆ ತಡೆಯಲಾಗಲಿಲ್ಲ.

"ನನ್ನ ಹೆಸ್ರು ಹಾಕಯ್ಯ. ನಾನೂ ನೋಡಿವ್ನಿ."

ಅವನು ಸೀಮೆಸುಣ್ಣ ಎತ್ತಿಕೊಂಡ. ಬಾವಿ ಇರುವ ಜಾಗ, ಅಪ್ಪನ ಹೆಸರು, ತೋಡಿದವರು ಹದಿನೆಂಟು ಜನ ಎಂದು ಬರೆದ. ಕೆಳಗೆ ಮುನಿಯಮ್ಮ, ಪಕ್ಕದಲ್ಲಿ ನನ್ನ ಹೆಸರು ಕೆಂಪಯ್ಯ ಎಂದು ಹಾಕಿದ. ಮತ್ತೆ ಸೀಮೆಸುಣ್ಣ ಹಿಡಿದುಕೊಂಡೇ ನಿಂತ.

"ಯಾಕೆ ತೋಡುದ್ರು ಅಂತ್ಲೂ ಬರೀಲಾ, ಕೆಂಪಣ್ಣ?"

ಅಲ್ಲಿಯವರೆಗೆ ಅವನು ಯಾರ ಅಪ್ಪಣೆಯನ್ನೂ ಕೇಳಿದವನಲ್ಲ, ಗೋಡೆಯ ಯಜಮಾನನಾದ ನನ್ನದನ್ನೂ. ಸಿಟ್ಟು ನೆತ್ತಿಗೇರಿತು. ಯಾರ ಮೇಲೆಂದು ಹೇಳಲಾರೆ.

"ಬರಿ," ಅಂದೆ. "ನಮ್ಮಪ್ಪನ ಹೆಸ್ರೂ ಬರಿ."

ಬರೆದ. ಹಳ್ಳಿಯಲ್ಲಿ ಅಷ್ಟು ಹೊತ್ತಿಗೆ ಮೊದಲ ಲಾರಿ ಮಣ್ಣು ಸುರಿದಿರಬೇಕು. ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದವರು ಟೀ ಹಿಡಿದು ಹಲಗೆ ಓದಿದರು, ಆಮೇಲೆ ನನ್ನನ್ನು ನೋಡಿದರು. ನಾನು ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದೆ.