ಶಾಂತಪ್ಪನವರ ಅಕ್ಟೋಬರ್

ಕ್ವೀನ್ಸ್‌ಬರಿಯ ನಮ್ಮ ಪಕ್ಕದ ಮನೆಯ ಶಾಂತಪ್ಪನವರು ಅಕ್ಟೋಬರ್ ಬಂತೆಂದರೆ ಯಾರ ಕೈಗೂ ಸಿಗುವುದಿಲ್ಲ. ಹಾಸಿಗೆ, ಒಲೆ ಎಲ್ಲ ಇರುವ ತಮ್ಮ ಕ್ಯಾಂಪರ್‌ವ್ಯಾನನ್ನು ಮದುಮಗನಂತೆ ಮೀಯಿಸಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ಏರಿಸಿ, ಮುಂದಿನ ಸೀಟಿನಲ್ಲಿ ನಾಯಿ ಗಿಡ್ಡ್ಯಾನನ್ನು ಕೂರಿಸಿಕೊಂಡು ಸ್ಕಾಟ್ಲೆಂಡಿನ ಆಳವಾದ ಕೊಳ್ಳಗಳನ್ನು ನೋಡಲು ಹೊರಟುಬಿಡುತ್ತಾರೆ. ಹದಿನೈದು ದಿನ ಬಿಟ್ಟು ಬಂದವರು ಬೇಲಿಯ ಮೇಲೆ ಮೊಣಕೈ ಊರಿ, “ಏನ್ ಕೊಳ್ಳರೀ ವತ್ಸಲಕ್ಕಾರ! ಗಿಡ ಎಲ್ಲಾ ಕೆಂಪಗ ಉರಿತಿದ್ದವು. ಗಂಡು ಜಿಂಕಿ ಗುಡುಗಿದಂಗ ಕೂಗತಿತ್ತು,” ಎಂದು ಶುರು ಮಾಡಿದರೆ ನಾನು ಹರವಲು ತಂದ ಬಟ್ಟೆ ಬಕೆಟ್ಟಿನಲ್ಲೇ ಒಣಗಬೇಕು. ಆ ಜಿಂಕೆಯ ಕೊಂಬು ವರ್ಷಕ್ಕೊಂದು ಗೇಣು ಬೆಳೆಯುತ್ತದೆ. ನಾನು ನಗುನಗುತ್ತಲೇ ಹೊಟ್ಟೆ ಉರಿದುಕೊಳ್ಳುತ್ತೇನೆ. ನಮ್ಮ ಯಜಮಾನರಿಗೆ ಪ್ರವಾಸವೆಂದರೆ ಇದೇ ಊರಿನ ಇನ್ನೊಂದು ತುದಿಯಲ್ಲಿರುವ ಕ್ರೋಯ್ಡನ್ನಿನ ತಂಗಿಯ ಮನೆ. ಈ ಸಲ ಶಾಂತಪ್ಪನವರು ಹೊರಡುವಾಗ ಗಿಡ್ಡ್ಯಾನ ಎರಡೂ ಕಣ್ಣಲ್ಲಿ ಬಿಳಿ ಪೊರೆ ಕಂಡಿತು. “ಪಾಪ, ಕಣ್ಣೇ ಕಾಣದ ನಾಯಿಗೆ ಇನ್ನೆಂಥ ಟ್ರಿಪ್ಪು ಶಾಂತಪ್ಪನವರೇ?” ಎಂದೆ, ಒಳಗೊಳಗೇ ಖುಷಿಪಟ್ಟು. ಅವರು ಅದರ ಬೆಲ್ಟ್ ಬಿಗಿಯುತ್ತ, “ಹೋದ ವರ್ಷನೂ ಕಾಣ್ತಿರಲಿಲ್ರಿ. ಎದುರಿಗೆ ಏನೈತಿ ಅಂತ ನಾ ಒಂದೊಂದ ಹೇಳ್ಕೋತ ಹೋಗ್ತೀನಿ, ಅದು ಕಿವಿ ನಿಮಿರಿಸಿ ಕೇಳ್ತೈತಿ,” ಎಂದರು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು, “ಶಾಂತಪ್ಪನವರು ಹೊರಟರು,” ಎಂದೆ. ಯಜಮಾನರು ಫೋನಿನಿಂದ ತಲೆ ಎತ್ತದೆ “ಹ್ಞೂಂ” ಎಂದರು. ಇಷ್ಟು ವರ್ಷ ಆ ವ್ಯಾನಿನ ಮೇಲಿದ್ದ ನನ್ನ ಹೊಟ್ಟೆಕಿಚ್ಚೆಲ್ಲ ಆ ಬೆಳಿಗ್ಗೆ ನಾಯಿಯ ಮೇಲೆ ಹೋಯಿತು.